ಎರಿ ಸೀಮೆಯ ಚಳಿಗಾಲದ ಮುಕ್ಕಾಂ ಮತ್ತು ದಾರಿ ತೋರಿದವರು

ಹೋದ ಚಳಿಗಾಲದಲ್ಲಿ ನಮ್ಮ ತಂಗಿಯ ಮಗ ಹುಬ್ಬಳ್ಳಿಯ ಗೆಳೆಯರ ಜೊತೆ ರಾಜಸ್ಥಾನಕ್ಕೆ ಹೋಗಿ ಬಂದ. ಜೈಸಲ್ಮೇರಿನ ಆಚೆ, ಸಮ್ ಎಂಬಲ್ಲಿ ಮರಳ ದಿಬ್ಬಗಳ ನಡುವೆ ಎರಡು ರಾತ್ರಿ ಡೇರೆಯಲ್ಲಿ ಮಲಗಿದ್ದು, ಒಂದು ದಿನ ಜೀಪು ಬಿಟ್ಟು ಬೆನ್ನಿಗೆ ಚೀಲ ಏರಿಸಿಕೊಂಡು ನಡೆದದ್ದು, ಬೆಂಕಿಯ ಸುತ್ತ ಕೂತು ರೊಟ್ಟಿ ತಿಂದದ್ದು, ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದ. ಒಂದು ಚಿತ್ರದಲ್ಲಿ ಹುಡುಗರ ಸಾಲಿಗಿಂತ ಹತ್ತು ಮಾರು ಮುಂದೆ ಕೆಂಪು ಪೇಟದ ವಯಸ್ಸಾದ ಮನುಷ್ಯನೊಬ್ಬ ನಡೆಯುತ್ತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು.

‘ಇವರು ಯಾರು?’ ಎಂದೆವು.

‘ಗೈಡು, ಮಾಮೂ.’

‘ಹೆಸರು?’

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಒಂಟೆಯ ಹೆಸರು ಅವನಿಗೆ ನೆನಪಿತ್ತು. ಮನುಷ್ಯನದು ನೆನಪಾಗಲಿಲ್ಲ. ‘ನಾವು ಗೈಡ್ ಸಾಬ್ ಅಂತಾನೇ ಕರೀತಿದ್ವಿ’ ಎಂದು ನಕ್ಕ.

ಅವನನ್ನು ಗದರಿಸುವ ಅಧಿಕಾರ ನಮಗಿರಲಿಲ್ಲ. ಏಕೆಂದರೆ ಅವನಿಗಿಂತ ಎಷ್ಟೋ ದೊಡ್ಡ ಪ್ರವಾಸಿಯೊಬ್ಬ ಆರೂವರೆ ಶತಮಾನಗಳಿಗೂ ಹಿಂದೆ ಇದೇ ಮರೆವನ್ನು ತೋರಿದ್ದಾನೆ. ನಮ್ಮ ಹೊನ್ನಾವರಕ್ಕೆ 1340ರ ದಶಕದಲ್ಲಿ ಬಂದು, ಅಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುವೆಂದು ಲೆಕ್ಕವಿಟ್ಟು ಬರೆದ ಇಬ್ನ್ ಬತೂತಾ ಆ ಪ್ರವಾಸಿ. ಅವನು 1352ರ ಫೆಬ್ರವರಿಯಲ್ಲಿ, ಅಂದರೆ ಚಳಿ ಇನ್ನೂ ಇರುವಾಗಲೇ, ಈಗಿನ ಮೊರಾಕೋದ ಸಿಜಿಲ್ಮಾಸಾ ಪಟ್ಟಣದಿಂದ ವ್ಯಾಪಾರಿಗಳ ಕಾಫಿಲಾದೊಡನೆ ಸಹಾರಾ ಮರುಭೂಮಿಗೆ ಇಳಿದ. 25 ದಿನ ನಡೆದು ತಘಾಜಾ ಎಂಬ ಉಪ್ಪಿನ ಗಣಿಯ ಊರು ಮುಟ್ಟಿದ. ಅಲ್ಲಿಯ ಮನೆ, ಮಸೀದಿಗಳ ಗೋಡೆಗಳೆಲ್ಲ ಉಪ್ಪಿನ ಗಡ್ಡೆಯವು, ಮೇಲೆ ಒಂಟೆಯ ಚರ್ಮದ ಹೊದಿಕೆ. ಅದರ ಮುಂದಿನ ದಾರಿ ಪ್ರಾಣಾಂತಿಕವಾದದ್ದು. ಅಲ್ಲಿಗೆ ಮಸ್ಸೂಫಾ ಬುಡಕಟ್ಟಿನ ಒಬ್ಬ ಮನುಷ್ಯನನ್ನು ಕೂಲಿಗೆ ಗೊತ್ತು ಮಾಡುತ್ತಿದ್ದರು. ಅವನಿಗೆ ‘ತಕ್ಷೀಫ್’ ಎಂದು ಹೆಸರು. ಅವನು ಒಬ್ಬನೇ ಮುಂದೆ ಹೋಗಿ ವಲಾತಾ ಪಟ್ಟಣಕ್ಕೆ ಕಾಗದಗಳನ್ನು ಮುಟ್ಟಿಸಬೇಕು. ಕಾಗದ ಮುಟ್ಟಿದರೆ ಅಲ್ಲಿಯ ಜನ ನೀರು ಹೊತ್ತು ನಾಲ್ಕು ರಾತ್ರಿಗಳ ದಾರಿ ಎದುರು ಬರುತ್ತಾರೆ. ಮುಟ್ಟದಿದ್ದರೆ ಕಾಫಿಲಾ ಉಳಿಯುವುದು ಕಷ್ಟ. ಈ ಕೆಲಸಕ್ಕೆ ಇಬ್ನ್ ಬತೂತಾನ ಜೊತೆಯವರು ಕೊಟ್ಟದ್ದು ನೂರು ಮಿಸ್ಖಾಲ್ ಚಿನ್ನ, ಇಂದಿನ ತೂಕದಲ್ಲಿ ನಾನೂರು ಗ್ರಾಂಗೂ ಮೇಲೆ. ಆ ಪಯಣದಲ್ಲಿ ದಾರಿ ತೋರಿದವನಿಗೆ ಒಂದು ಕಣ್ಣು ಇರಲಿಲ್ಲ, ಇನ್ನೊಂದಕ್ಕೆ ರೋಗ ಹಿಡಿದಿತ್ತು. ಆದರೂ ದಾರಿಯ ವಿಷಯದಲ್ಲಿ ಅವನಷ್ಟು ತಿಳಿದವನು ಯಾರೂ ಇರಲಿಲ್ಲವೆಂದು ಇಬ್ನ್ ಬತೂತಾ ಬೆರಗಾಗುತ್ತಾನೆ. ಕಣ್ಣಿನ ಸಂಗತಿ ಬರೆದ, ಚಿನ್ನದ ಲೆಕ್ಕ ಬರೆದ. ಹೆಸರು ಬರೆಯಲಿಲ್ಲ.

ಹೆಸರು ಉಳಿದ ದಾರಿತೋರಕರೂ ಇದ್ದಾರೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್ (ಸ) ಮತ್ತು ಹಜ್ರತ್ ಅಬೂಬಕ್ಕರ್ ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟಾಗ, ಸೌರ್ ಗುಹೆಯಲ್ಲಿ ಮೂರು ರಾತ್ರಿ ಕಳೆದ ನಂತರ, ಎರಡು ಒಂಟೆಗಳನ್ನು ತಂದು, ಜನ ಬಳಸುವ ದಾರಿ ಬಿಟ್ಟು ಕಡಲ ಕಡೆಯ ದಾರಿಯಲ್ಲಿ ಅವರನ್ನು ಕರೆದೊಯ್ದವರು ಅಬ್ದುಲ್ಲಾ ಬಿನ್ ಉರೈಕಿತ್. ಅವರು ಮುಸ್ಲಿಮರಾಗಿರಲಿಲ್ಲ. ಹಿಡಿದುಕೊಟ್ಟವರಿಗೆ ನೂರು ಒಂಟೆಗಳ ಬಹುಮಾನವಿದ್ದ ಕಾಲದಲ್ಲಿ, ಕೂಲಿಗೆ ಬಂದ ಅನ್ಯಧರ್ಮದ ಒಬ್ಬ ಮನುಷ್ಯನ ನಂಬಿಕೆಯ ಮೇಲೆ ಆ ಪಯಣ ನಡೆಯಿತು. ಸೀರಾ ಬರೆದವರು ಅವರ ಹೆಸರು, ತಂದೆಯ ಹೆಸರು, ಬುಡಕಟ್ಟು ಎಲ್ಲವನ್ನೂ ದಾಖಲಿಸಿದ್ದಾರೆ. ನಮ್ಮ ವಾಜ್‌ಗಳಲ್ಲಿ ಗುಹೆಯ ಬಾಯಿಗೆ ಬಲೆ ನೇಯ್ದ ಜೇಡದ ಪ್ರಸ್ತಾಪ ಬಂದಷ್ಟು ಈ ಅಬ್ದುಲ್ಲಾರ ಪ್ರಸ್ತಾಪ ಬರುವುದಿಲ್ಲ ಎಂಬುದು ಬೇರೆ ಮಾತು.

ದಾರಿತೋರಕನನ್ನು ಬಿಟ್ಟವರ ಕಥೆಯನ್ನೂ ಒಂದು ಹೇಳಬೇಕು. ಇಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡೆತ್ ವ್ಯಾಲಿಗೆ ಚಳಿಗಾಲದಲ್ಲಿ ಜನ ಕಾರು, ಡೇರೆ, ಬೆನ್ನುಚೀಲಗಳೊಡನೆ ಹೋಗುತ್ತಾರೆ. ಅಲ್ಲಿಯ ಬೇಸಿಗೆ ಮನುಷ್ಯರು ತಡೆಯುವಂಥದ್ದಲ್ಲ. ‘ಸಾವಿನ ಕಣಿವೆ’ ಎಂಬ ಆ ಹೆಸರಿನ ಹಿಂದಿರುವುದೂ ಒಂದು ಚಳಿಗಾಲದ ಬಂಡಿ ಪಯಣವೇ. 1849ರಲ್ಲಿ ಚಿನ್ನದ ಆಸೆಗೆ ಹೊರಟ ಬಂಡಿಗಳ ದೊಡ್ಡದೊಂದು ಸಾಲಿಗೆ ಜೆಫರ್ಸನ್ ಹಂಟ್ ಎಂಬವನು ದಾರಿತೋರಕನಾಗಿದ್ದ. ನಡುದಾರಿಯಲ್ಲಿ ಯಾರೋ ಒಂದು ಒಳದಾರಿಯ ನಕ್ಷೆ ತೋರಿಸಿದರು. ಹಲವರು ಹಂಟ್‌ನನ್ನು ಬಿಟ್ಟು ಆ ಕಾಗದವನ್ನು ನಂಬಿದರು. ಡಿಸೆಂಬರಿನಲ್ಲಿ ಉಪ್ಪಿನ ಕಣಿವೆಗೆ ಬಿದ್ದು, ಕೆಲವರು ಎತ್ತು ಕೊಯ್ದು ಬಂಡಿಯ ಕಟ್ಟಿಗೆಯಿಂದಲೇ ಮಾಂಸ ಸುಟ್ಟು ತಿಂದರು. ಕೊನೆಗೆ ಮ್ಯಾನ್ಲಿ, ರಾಜರ್ಸ್ ಎಂಬ ಇಬ್ಬರು ಯುವಕರು ಕಾಲ್ನಡಿಗೆಯಲ್ಲಿ ದಾರಿ ಹುಡುಕಿ, ಆಹಾರ ತಂದು, ಉಳಿದ ಕುಟುಂಬಗಳನ್ನು ಹೊರಗೆ ಕರೆತಂದರು. ಮ್ಯಾನ್ಲಿ ಮುದಿವಯಸ್ಸಿನಲ್ಲಿ, 1894ರಲ್ಲಿ, ಅದನ್ನು ಪುಸ್ತಕವಾಗಿಯೂ ಬರೆದ.

ಈ ಎಲ್ಲ ಓದು ನಮ್ಮನ್ನು ಮತ್ತೆ ನಮ್ಮ ಊರಿಗೇ ತಂದು ನಿಲ್ಲಿಸಿತು. ನಮ್ಮಲ್ಲಿ ಮರುಭೂಮಿ ಇಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗಿನ ಕಡೆ ಹೊರಟರೆ ಸಿಗುವ ಶಿರಗುಪ್ಪಿ ನಮ್ಮ ಹಿರಿಯರ ಊರು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಬೇರೆ, ಇದು ಬೇರೆ. ಪತ್ರಗಳು ಎಷ್ಟೋ ಸಲ ಅಲ್ಲಿಗೆ ಹೋಗಿ ಬಂದದ್ದುಂಟು. ನಮ್ಮ ಶಿರಗುಪ್ಪಿಯ ಸುತ್ತ ಇರುವುದು ಎರಿ, ಕಪ್ಪು ಮಣ್ಣಿನ ಬಯಲು. ಬಿತ್ತಿದಾಗ ಹಸಿರು, ಸುಗ್ಗಿ ಮುಗಿದ ಮೇಲೆ ಕಣ್ಣು ಹರಿಯುವಷ್ಟು ದೂರ ಏನೂ ಇಲ್ಲ. ಗುಡ್ಡವಿಲ್ಲ, ಕಲ್ಲಿಲ್ಲ, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಮಳೆಗಾಲದಲ್ಲಿ ಈ ಮಣ್ಣು ಕಾಲಿಗೆ ಹಿಡಿದರೆ ಬಿಡುವುದಿಲ್ಲ. ಬಂಡಿಯ ಗಾಲಿ ಅಚ್ಚಿನ ತನಕ ಹೂಳುತ್ತದೆ. ಬೇಸಿಗೆಯಲ್ಲಿ ಮೊಳಕಾಲು ಹೋಗುವಷ್ಟು ಬಿರುಕು. ನವಲಗುಂದದ ಕಡೆ ಹೋದರೆ ಬಾವಿಯ ನೀರು ಸವಳು. ಜನ ಕುಡಿದದ್ದು ಮಳೆ ತುಂಬಿದ ಕೆರೆಯ ನೀರನ್ನೇ. ಶಿಗ್ಗಾವಿಯ ಕಡೆಯಿಂದ ಹರಿದು ಬಂದು ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳ ಮಳೆಗಾಲದಲ್ಲಿ ಊರುಗಳನ್ನೇ ನುಂಗುವಂತೆ ಬರುತ್ತದೆ, ಚಳಿಗಾಲಕ್ಕೆ ಮಡುಗಳಾಗಿ ನಿಲ್ಲುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಹೊಲ ಹಾಯ್ದು ತಿರುಗಾಡುವ ಕಾಲವೆಂದರೆ ಮಾಗಿ ಚಳಿಯ ಕಾಲ. ಜೋಳ ತೆನೆಗಟ್ಟಿರುತ್ತದೆ, ಸೀತನಿ ಸುಡುವ ಹೊಗೆ ಹೊಲದಿಂದ ಹೊಲಕ್ಕೆ ಹೋಗುತ್ತದೆ, ಕಡಲೆಗಿಡದ ಹುಳಿ ಇಬ್ಬನಿ ಬೆಳಗ್ಗೆ ಧೋತರದ ಅಂಚನ್ನು ತೋಯಿಸುತ್ತದೆ.

ಈ ಕಾಲದಲ್ಲಿಯೇ ಕುರುಬರು ಕುರಿಹಿಂಡಿನೊಡನೆ ಬಂದು ಹೊಲಗಳಲ್ಲಿ ತಂಗುತ್ತಿದ್ದರು. ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಂಡ ರೈತ ರಾತ್ರಿಗಿಷ್ಟೆಂದು ಜೋಳ ಅಳೆಯುತ್ತಿದ್ದ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳೂ ಇದೇ ದಿನಗಳಲ್ಲಿ, ಕೊಲ್ಲಾರಿ ಕಟ್ಟಿಕೊಂಡು, ಬುತ್ತಿ ಬಿಚ್ಚಿದಲ್ಲಿ ಬಿಡಾರ ಹೂಡಿ ಸಾಗುತ್ತಿದ್ದುವು. ಅವರಿಗೆ ದಾರಿತೋರಕ ಬೇಕಿರಲಿಲ್ಲ. ದಾರಿ ಗೊತ್ತಿಲ್ಲದೆ ಈ ಬಯಲಿಗೆ ಡೇರೆ ಹೊತ್ತು ಬಂದವರು ಸರಕಾರದ ಸಾಹೇಬರು.

ಪೇಶ್ವೆಗಳ ಆಳ್ವಿಕೆ ಮುಗಿದು 1818ರ ಹೊತ್ತಿಗೆ ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ಕಲೆಕ್ಟರ್, ಅವರ ಅಸಿಸ್ಟಂಟರು, ಆಮೇಲೆ ಮೋಜಣಿಯವರು, ನೀರಾವರಿಯವರು, ಶಾಲೆ ತಪಾಸಣೆಯವರು ಎಲ್ಲರೂ ಮಳೆ ನಿಂತ ಮೇಲೆ ಹೊರಬಿದ್ದು ಬಿಸಿಲು ಬಲಿಯುವ ತನಕ ಊರಿಂದೂರಿಗೆ ಮುಕ್ಕಾಂ ಮಾಡಬೇಕಾಗಿತ್ತು. ದೊಡ್ಡ ಸಾಹೇಬರದು ಎರಡು ಜೊತೆ ಡೇರೆ. ಒಂದರಲ್ಲಿ ಅವರು ಮಲಗಿರುವಾಗಲೇ ಇನ್ನೊಂದು ಬಂಡಿಯಲ್ಲಿ ರಾತ್ರಿಯೇ ಮುಂದಿನ ಊರಿಗೆ ಹೋಗಬೇಕು. ಬೆಳಗ್ಗೆ ಕುದುರೆಯ ಮೇಲೆ ಸಾಹೇಬರು ಬರುವಷ್ಟರಲ್ಲಿ ಡೇರೆ ನಿಂತಿರಬೇಕು, ಜಮಖಾನೆ ಹಾಸಿರಬೇಕು, ನೀರು ಕಾದಿರಬೇಕು. ಜಮಖಾನೆಯೆಂದರೆ ನವಲಗುಂದದ ಹೆಸರು ಬಾರದಿರದು. ನಮ್ಮ ಸಮಾಜದ ಹೆಂಗಸರು ಮನೆಯೊಳಗಿನ ಮಗ್ಗದಲ್ಲಿ ನವಿಲು, ಪಗಡೆ ಹಾಸಿನ ಚಿತ್ರಗಳನ್ನು ನೇಯ್ದುಕೊಂಡು ಬಂದದ್ದು ಅಲ್ಲಿ.

ನಮ್ಮ ಮುತ್ತಜ್ಜ ಈ ಡೇರೆಗಳ ಖಲಾಸಿಯಾಗಿದ್ದರು. ಅಂದರೆ ಡೇರೆ ಬಿಚ್ಚುವುದು, ಮಡಿಚುವುದು, ಬಂಡಿಗೆ ಹೇರುವುದು, ಹೋದಲ್ಲಿ ಮತ್ತೆ ಹೂಡುವುದು. ಅವರ ಮಾತುಗಳಾಗಿ ನಮ್ಮ ಮನೆಯಲ್ಲಿ ಉಳಿದಿರುವುದು ಬಹಳ ಕಡಿಮೆ. ಎರಿ ಹೊಲದಲ್ಲಿ ಗೂಟ ನಿಲ್ಲುವುದಿಲ್ಲ. ಬಿರುಕು ಇಲ್ಲದ ಕಡೆ ನೋಡಿ, ನೀರು ಸುರಿದು, ಓರೆಯಾಗಿ ಬಡಿಯಬೇಕು ಎಂಬುದೊಂದು. ಈ ಬಯಲಿನಲ್ಲಿ ಕಟ್ಟಿಗೆ ಸಿಗುವುದಿಲ್ಲ, ಹತ್ತಿಕಟಿಗಿ ಮತ್ತು ಕುಳ್ಳಿನ ಮೇಲೆಯೇ ಸಾಹೇಬರ ಚಹಾ ಆಗಬೇಕು ಎಂಬುದು ಇನ್ನೊಂದು. ಒಂದು ಕೊಡತಿ ಮಾತ್ರ ಉಳಿದಿದೆ.

ಈ ಮುಕ್ಕಾಮಿನ ಮಾತುಗಳನ್ನು ಆಲಿಸಿದರೆ ಒಂದು ತಮಾಷೆ ಕಾಣುತ್ತದೆ. ತಂಬು, ಮುಕ್ಕಾಂ, ಖಲಾಸಿ, ಕಂದೀಲು, ಬಿಗಾರಿ ಇವೆಲ್ಲ ಅರಬಿ, ಪಾರಸಿಗಳಿಂದ ಬಂದು ಧಾರವಾಡದ ಕನ್ನಡದಲ್ಲಿ ಮನೆಮಾಡಿದವು. ‘ಉರ್ದು’ ಎಂಬ ಮಾತಿಗೇ ತುರ್ಕಿ ಮೂಲದಲ್ಲಿ ಛಾವಣಿ, ಬಿಡಾರ ಎಂಬ ಅರ್ಥ. ಇದನ್ನು ಹಿಡಿದು ನಮ್ಮ ಉರ್ದು ಶಾಲೆಯ ಮಾಸ್ತರರು, ಸೈನಿಕರ ಛಾವಣಿಯಲ್ಲಿ ಹುಟ್ಟಿದ ಭಾಷೆ ಇದು ಎಂದು ಹೇಳಿಕೊಡುತ್ತಿದ್ದರು. ಅದು ಸರಿಯಲ್ಲವೆಂದು ಶಮ್ಸುರ್ರಹಮಾನ್ ಫಾರೂಕಿಯವರಂಥ ವಿದ್ವಾಂಸರು ತೋರಿಸಿದ್ದಾರೆ. ಭಾಷೆಗೆ ಆ ಹೆಸರು ಬಂದದ್ದು 18ನೆಯ ಶತಮಾನದ ಕೊನೆಗೆ. ಅಲ್ಲಿ ‘ಉರ್ದು’ ಎಂದರೆ ಷಹಜಹಾನನ ದಿಲ್ಲಿ ನಗರ. ಭಾಷೆ ಅದಕ್ಕಿಂತ ಎಷ್ಟೋ ಹಳೆಯದು, ನಮ್ಮ ದಖನಿಯಂತೂ ಇನ್ನೂ ಮೊದಲೇ ಕಾವ್ಯ ಬರೆಸಿಕೊಂಡದ್ದು. ಇನ್ನು ಕನ್ನಡವೇನು ಬಿಡಾರವಿಲ್ಲದ ಭಾಷೆಯೇ? ಚಾಲುಕ್ಯರ ಶಾಸನಗಳಲ್ಲಿ ಅರಸ ‘ನೆಲೆವೀಡಿ’ನಲ್ಲಿದ್ದು ರಾಜ್ಯವಾಳುತ್ತಾನೆ. ಅದೂ ಬೀಡೇ. ‘ಬಿಗಾರಿ’ಗೆ ಕನ್ನಡದಲ್ಲಿ ‘ಬಿಟ್ಟಿ’ ಎಂಬ ಹಳೆಯ ಮಾತೂ ಇತ್ತು, ಅದೂ ಶಾಸನಗಳಲ್ಲಿದೆ. ಕೂಲಿಯಿಲ್ಲದ ದುಡಿತಕ್ಕೆ ಎರಡು ಭಾಷೆಗಳಲ್ಲೂ ಹೆಸರಿಗೆ ಬರವಿರಲಿಲ್ಲ.

ಈ ಡೇರೆಗಳಲ್ಲಿ ಕೂತು ಕೆಲವು ಸಾಹೇಬರು ದೊಡ್ಡ ಕೆಲಸ ಮಾಡಿದರು ಎಂಬುದನ್ನು ಒಪ್ಪಲೇಬೇಕು. ಅವರಲ್ಲಿ ಮೊದಲು ಹೇಳಬೇಕಾದವರು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಸ್ಕಾಟಿಷ್ ಹುಡುಗ ಇಪ್ಪತ್ತರ ವಯಸ್ಸಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಅಸಿಸ್ಟಂಟ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಬಿದ್ದಾಗ ಜೊತೆಯಲ್ಲಿದ್ದು, ಸ್ಟೀವನ್ಸನ್ ಎಂಬ ಇನ್ನೊಬ್ಬನೊಡನೆ ರಾಣಿ ಚೆನ್ನಮ್ಮನ ಸೆರೆಯಾದವರು ಇವರೇ. ಬಿಡುಗಡೆಯಾದ ಮೇಲೆ ಈ ನೆಲದ ಮೇಲೆ ಮುನಿಸು ಹಿಡಿಯದೆ 1833ರ ತನಕ ಇಲ್ಲಿಯೇ ತಿರುಗಿದರು. ಗುಡಿ, ಬಸದಿ, ಕೆರೆಯ ದಂಡೆಗಳಲ್ಲಿದ್ದ ಶಾಸನಗಳ ನಕಲು ಮಾಡಿಸಿದರು. 595 ಶಾಸನಗಳ ಆ ಹಸ್ತಪ್ರತಿ ಸಂಗ್ರಹಕ್ಕೆ ‘ಕರ್ನಾಟಕ ದೇಶ ಶಾಸನಗಳು’ ಎಂದೇ ಹೆಸರು. ಚಾಲುಕ್ಯ, ಕಳಚುರಿ, ಯಾದವ ವಂಶಗಳ ಕಾಲಾನುಕ್ರಮ ಮೊದಲ ಸಲ ಒಂದು ಹದಕ್ಕೆ ಬಂದದ್ದು ಅವರ ಬರಹದಿಂದ. ಅರ್ಧ ಶತಮಾನದ ನಂತರ ಜೆ.ಎಫ್. ಫ್ಲೀಟ್ ಅದೇ ದಾರಿಯಲ್ಲಿ ಮುಂದೆ ಹೋಗಿ 1882ರಲ್ಲಿ ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಇತಿಹಾಸ ಬರೆದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಲಾವಣಿಗಳನ್ನೂ ಅಚ್ಚು ಮಾಡಿಸಿದರು. ನಮ್ಮ ಕನ್ನಡ ಇತಿಹಾಸದ ಒಂದು ದೊಡ್ಡ ಪಾಲು ಈ ಚಳಿಗಾಲದ ಮುಕ್ಕಾಮುಗಳಲ್ಲಿ ಕೂಡಿಬಂದದ್ದು.

ಎಲಿಯಟ್ ಶಾಸನದಷ್ಟೇ ಆಸಕ್ತಿಯಿಂದ ಪ್ರಾಣಿಗಳನ್ನೂ ನೋಡಿದರು. ಆಗ ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದ ನಮ್ಮ ಈ ಭಾಗದ ಸಸ್ತನಿಗಳ ಪಟ್ಟಿಯೊಂದನ್ನು ಅವರು 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪಟ್ಟಿಯ ಸೊಗಸೆಂದರೆ ಪ್ರತಿ ಪ್ರಾಣಿಗೂ ಇಲ್ಲಿಯ ಜನ ಕರೆಯುವ ಹೆಸರನ್ನು ಕೇಳಿ ಬರೆದಿರುವುದು. ಚಿಗರಿ ಚಿಗರಿಯಾಗಿಯೇ ಇದೆ, ಬಯಲಿನ ಸಣ್ಣ ನರಿ ಕೆಂಪನರಿಯಾಗಿದೆ. ಇಲಿಗಳ ವಿಷಯದಲ್ಲಂತೂ ಅವರು ಬರೆದದ್ದು ಓದಿದರೆ ಎರಿ ಹೊಲ ಕಣ್ಣೆದುರು ಬರುತ್ತದೆ. ಮೃದು ಕೂದಲಿನ ಒಂದು ಹೊಲದಿಲಿ ಬೇಸಿಗೆಯಲ್ಲಿ ಕಪ್ಪು ಮಣ್ಣಿನ ಬಿರುಕುಗಳಲ್ಲಿಯೇ ಸಂಸಾರ ಹೂಡುತ್ತದೆ. ಮೊದಲ ಮಳೆಗೆ ಬಿರುಕು ಮುಚ್ಚಿಕೊಂಡಾಗ ಸಾವಿರಾರು ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮುಂಗಾರು ಸರಿಯಾಗಿ ಹಿಡಿಯಲಿಲ್ಲ, ಬಿರುಕು ಮುಚ್ಚಲಿಲ್ಲ. ಇಲಿಗಳು ಮಿತಿಮೀರಿ ಹೆಚ್ಚಿ ಬಿತ್ತಿದ ಕಾಳನ್ನೂ ತಿಂದುವು, ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆಯನ್ನೂ ಕತ್ತರಿಸಿ ಕೆಡವಿದುವು. ಹೊಲಕ್ಕೆ ಹೊಲವೇ ಬರಿದಾಗಿ ರೈತರಿಗೆ ಸಾರಾ ತುಂಬುವ ಶಕ್ತಿ ಉಳಿಯಲಿಲ್ಲ. ಊರವರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂಬ ಒಪ್ಪಂದದ ಮೇಲೆ ವಡ್ಡರು ಸಾವಿರಗಟ್ಟಲೆ ಇಲಿ ಕೊಂದರೂ ಅವು ಕಡಿಮೆಯಾದಂತೆ ಕಾಣಲಿಲ್ಲವಂತೆ.

ಆ ಇಲಿಗೆ ವಡ್ಡರು ‘ಮೆಟ್ಟಡೆ’ ಎನ್ನುತ್ತಿದ್ದರು. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗ್ರೇ 1837ರಲ್ಲಿ ಅದಕ್ಕೆ ಲ್ಯಾಟಿನ್ ಹೆಸರು ಕೊಡುವಾಗ ಆ ಮಾತನ್ನೇ ಇಟ್ಟರು. ಅಚ್ಚಿನಲ್ಲಿ ಅದು ‘ಮೆಲ್ಟಾಡಾ’ ಆಗಿ, ಇಂದಿಗೂ ಜಗತ್ತಿನಾದ್ಯಂತ ಆ ಇಲಿಗೆ ‘ಮಿಲ್ಲಾರ್ಡಿಯಾ ಮೆಲ್ಟಾಡಾ’ ಎಂದೇ ಹೆಸರು. ಪೊದೆಯಲ್ಲಿರುವ ಇನ್ನೊಂದು ಇಲಿಗೆ ಕನ್ನಡದವರು ‘ಗುಲಂಡಿ’ ಎನ್ನುತ್ತಿದ್ದರಂತೆ. ಅದು ‘ಗೊಲುಂಡಾ ಎಲಿಯಟಿ’ ಆಯಿತು, ಮೊದಲರ್ಧ ನಮ್ಮ ಜನರ ಮಾತು, ಕೊನೆಯರ್ಧ ಸಾಹೇಬರ ಹೆಸರು. ಬಿರುಕಿನಲ್ಲಿ ಕೈಯಿಟ್ಟು ಇಲಿ ತೆಗೆದು ಸಾಹೇಬರ ಡೇರೆಯ ಬಾಗಿಲಿಗೆ ತಂದು, ಇದು ಮೆಟ್ಟಡೆ, ಇದು ಬೇರೆ, ಇದು ಇಂಥ ಕಡೆ ಇರುತ್ತದೆ ಎಂದು ಹೇಳಿದ ಒಬ್ಬ ಮನುಷ್ಯ ಇದ್ದೇ ಇರಬೇಕಲ್ಲ. ಅವನು ಆಡಿದ ಮಾತು ಲ್ಯಾಟಿನ್ ಆಗಿ ಉಳಿಯಿತು. ಅವನು ಉಳಿಯಲಿಲ್ಲ.

ಎಲಿಯಟ್ ಒಬ್ಬರನ್ನೇ ದೂರುವುದು ನ್ಯಾಯವಲ್ಲ. ಅವರು ಕೇಳಿ ಬರೆದರು, ಎಷ್ಟೋ ಜನ ಕೇಳಲೂ ಇಲ್ಲ. ಮೈಸೂರು ಸೀಮೆಯನ್ನು ಮೋಜಣಿ ಮಾಡಿದ ಕಾಲಿನ್ ಮೆಕೆಂಜಿಯ ಜೊತೆಯಲ್ಲಿದ್ದ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರ ಹೆಸರುಗಳು ಇತಿಹಾಸದಲ್ಲಿವೆ. ಅವರು ಓದು ಬರಹ ಬಲ್ಲವರು, ಕಾಗದದ ಮೇಲೆ ಅವರ ಕೈ ಇತ್ತು. ಕಾಲು ಮಾತ್ರ ಇದ್ದವರದು ಬೇರೆ ಗತಿ. 1840ರ ದಶಕದಲ್ಲಿ ವಿಂಗೇಟ್‌ನ ಮೋಜಣಿದಾರರು ಧಾರವಾಡ ಜಿಲ್ಲೆಯ ಹೊಲಗಳಿಗೆ ಸರಪಳಿ ತಂದರು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿಯ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ಪಹಣಿಯಲ್ಲಿರುವ ಲೆಕ್ಕ ಇದೇ. ಈ ಹೊಲ ಎಲ್ಲಿ ಮುಗಿಯುತ್ತದೆ, ಆ ಬದು ಯಾರದು, ಹಳ್ಳದ ಯಾವ ಬದಿಗೆ ನಮ್ಮ ಊರ ಸೀಮೆ ಎಂದು ಸರಪಳಿಗೆ ಮುಂದೆ ನಡೆದು ತೋರಿಸುತ್ತಿದ್ದವನು ಊರಿನ ವಾಲಿಕಾರ. ನಕ್ಷೆಯ ಮೇಲೆ ಸಹಿ ಸಾಹೇಬರದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಹುಡುಗ ಹೋದ ಸಮ್‌ನಲ್ಲಿ ದಾರಿ ತೋರಿಸುವುದು ಹಣಕ್ಕೆ ಮಾಡುವ ಉದ್ಯೋಗ. ತಕ್ಷೀಫನಿಗಂತೂ ಚಿನ್ನ ಸಿಕ್ಕಿತ್ತು. ನಮ್ಮ ಎರಿ ಸೀಮೆಯಲ್ಲಿ ಅದು ಹುಟ್ಟಿನಿಂದ ಬಂದ ಚಾಕರಿ. ಮುಂಬಯಿ ಇಲಾಖೆಯ ಊರುಗಳಲ್ಲಿ ಕೆಳಗಿನ ವತನದಾರರು ಅಧಿಕಾರಿ ಬಂದರೆ ಸಾಮಾನು ಹೊರಬೇಕು, ಕುದುರೆಗೆ ಹುಲ್ಲು ತರಬೇಕು, ರಾತ್ರಿ ಡೇರೆ ಕಾಯಬೇಕು, ಬೆಳಗಾಗುವ ಮುಂಚೆ ಎದ್ದು ಮುಂದಿನ ಊರ ಸೀಮೆಯ ತನಕ ದಾರಿ ತೋರಿಸಿ ಬರಬೇಕು. ಅದಕ್ಕೆ ಪ್ರತಿಯಾಗಿ ಒಂದು ತುಂಡು ಹೊಲ, ಸುಗ್ಗಿಯಲ್ಲಿ ರೈತರ ಕಣದಿಂದ ಒಂದಿಷ್ಟು ಕಾಳು. ಅವರಲ್ಲಿ ಹೆಚ್ಚಿನವರು ಊರು ಮುಟ್ಟಿಸಿಕೊಳ್ಳದ ಜಾತಿಗಳವರು. ದಾರಿ ತೋರಿಸಲು ಬೇಕಾದವರು, ನೀರಿನ ಕೊಡಕ್ಕೆ ಬೇಡವಾದವರು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಈ ಚಾಕರಿಯನ್ನು ಕಾನೂನಿನ ಚೌಕಟ್ಟಿನಲ್ಲಿ ಬಿಗಿದಿಟ್ಟಿತು. ಮನೆಯಲ್ಲಿ ಒಬ್ಬ ಸರಕಾರಿ ಚಾಕರಿಗೆ ಹೋದರೆ ಇಡೀ ಮನೆತನ ಹಗಲು ರಾತ್ರಿ ಕರೆಗೆ ಸಿದ್ಧವಿರಬೇಕಾದ ಸ್ಥಿತಿ. ಡಾ. ಬಿ.ಆರ್. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಈ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಇದೇ ಕಾರಣಕ್ಕೆ. ವತನದ ಗುಲಾಮಗಿರಿ ಕಳಚಿ, ಹೊಲವನ್ನು ಸಾರಾ ತುಂಬುವ ರೈತನಂತೆ ಅವರ ಹೆಸರಿಗೇ ಬಿಡಬೇಕು ಎಂಬುದು ಅವರ ವಾದ. ಮಸೂದೆ ಕಾನೂನಾಗಲಿಲ್ಲ. ಧಾರವಾಡ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಈ ಚಾಕರಿ ಕಾಗದದ ಮೇಲೆ ಮುಗಿಯಿತು.

ನಮ್ಮ ಮುತ್ತಜ್ಜನ ಸ್ಥಿತಿ ಇವರಿಗಿಂತ ಒಂದು ಮೆಟ್ಟಿಲು ಮೇಲಿತ್ತೆಂಬುದನ್ನು ಮುಚ್ಚಿಡುವುದು ಬೇಡ. ಖಲಾಸಿಗೆ ತಿಂಗಳ ಪಗಾರವಿತ್ತು. ಬೂಟು ಇತ್ತೋ ಇಲ್ಲವೋ, ಸಾಹೇಬರ ಕಡೆಯವನೆಂಬ ದರ್ಪವಂತೂ ಇತ್ತು. ಬಂಡಿ ಬಾರದಿದ್ದರೆ ಊರಿಗೆ ಹೋಗಿ ಬಿಗಾರಿ ಹಿಡಿದು ತರುತ್ತಿದ್ದವರೂ ಖಲಾಸಿ, ಪಟ್ಟೇವಾಲಾಗಳೇ. ನಮ್ಮ ಮನೆಯ ಹೆಂಗಸರು ಮುತ್ತಜ್ಜನ ಬಗ್ಗೆ ಹೇಳುವಾಗ ‘ಅವರ ಒಂದು ಕೂಗಿಗೆ ಊರೇ ಎದ್ದು ನಿಲ್ಲುತ್ತಿತ್ತು’ ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಚಿಕ್ಕವರಿದ್ದಾಗ ನಮಗೂ ಹೆಮ್ಮೆ ಎನಿಸುತ್ತಿತ್ತು. ಎದ್ದು ನಿಂತವರು ಯಾರು ಎಂದು ಕೇಳುವ ಬುದ್ಧಿ ಬಂದದ್ದು ತಡವಾಗಿ.

ಅದನ್ನು ಕೇಳಲೆಂದೇ ಈ ಜನವರಿಯಲ್ಲಿ ಶಿರಗುಪ್ಪಿಗೆ ಹೋದೆವು. ಹೊಲಗಳಲ್ಲಿ ಬಿಳಿಜೋಳ, ಕಡಲೆ. ಬಸ್ಸಿನಲ್ಲಿ ಕೂತವರು ಸುಲಗಾಯಿ ಸುಲಿಯುತ್ತಿದ್ದರು. ಹಿಂದೆ ವಾಲಿಕಾರಕಿ ಮಾಡುತ್ತಿದ್ದ ಮನೆತನದ ಹಿರಿಯರೊಬ್ಬರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ನಮ್ಮ ಮನೆತನ ಹೇಳಿದಾಗ ಗುರುತು ಹಿಡಿದರು.

‘ಡೇರೇದ ಸಾಬರ ಮನಿಯವ್ರೇನ್ರಿ? ಬರ್ರಿ, ಕುಂದರ್ರಿ.’

ಅವರ ಅಜ್ಜ ಮುಕ್ಕಾಮಿನ ಮುಂದೆ ನಡೆಯುತ್ತಿದ್ದ ಕಥೆಗಳು ಅವರಿಗೆ ತಂದೆಯಿಂದ ಬಂದಿದ್ದುವು. ಕತ್ತಲಲ್ಲಿ ದಾರಿ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆವು.

‘ಎರಿಯಾಗ ದಾರಿ ಕಾಲಿಗೆ ತಿಳೀತೈತ್ರಿ. ಬಂಡಿ ಅಡ್ಡಾಡಿದ ಜಾಗಾ ಗಟ್ಟಿ ಇರ್ತೈತಿ, ಬಿತ್ತಿದ್ದು ಮೆತ್ತಗ. ಹಳ್ಳ ಹತ್ತರ ಬಂದ್ರ ತಂಪು ಹವಾ ಮುಖಕ್ಕ ಬಡೀತೈತಿ. ಆಮ್ಯಾಲ ಚಿಕ್ಕಿ ಅದಾವಲ್ರಿ.’

ಕಂದೀಲು ಹಿಡಿಯುತ್ತಿರಲಿಲ್ಲವೇ ಎಂದರೆ ನಕ್ಕರು. ‘ಕಂದೀಲು ಹಿಂದಿನವ್ರಿಗ್ರಿ. ಮುಂದ ನಡಿಯಾವ ಕಂದೀಲು ಹಿಡದ್ರ ಅವಂಗ ಏನೂ ಕಾಣೂದಿಲ್ಲ.’

ಇಬ್ನ್ ಬತೂತಾನ ಒಕ್ಕಣ್ಣಿನವನು ನೆನಪಾದ. ಅವನ ಬಗ್ಗೆ ಹೇಳಿದೆವು. ಹಿರಿಯರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕೂಲಿ ಎಷ್ಟು ಕೊಟ್ಟರು ಎಂದಷ್ಟೇ ಕೇಳಿದರು. ನೂರು ಮಿಸ್ಖಾಲ್ ಎಂದು, ಈಗಿನ ತೊಲದ ಲೆಕ್ಕಕ್ಕೆ ತಂದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಜ್ಜಗ ಸೀಮಿ ಮುಟ್ಟಿಸಿ ಬಂದಮ್ಯಾಲ ಒಂದು ರೊಟ್ಟಿ ಕೊಡ್ತಿದ್ರಂತ, ಅದೂ ಎತ್ತರದಿಂದ’ ಎಂದರು.

ವತನದ ಹೊಲ ಏನಾಯಿತೆಂದು ಕೇಳಿದೆವು. ಕಾಯ್ದೆ ಬಂದ ಮೇಲೆ ಅದು ಅವರ ತಂದೆಯ ಹೆಸರಿಗೆ ಆಯಿತು. ಆದರೆ ಮಗಳ ಮದುವೆಯ ಸಾಲಕ್ಕೆ ಬೇರೆಯವರ ಉಳುಮೆಗೆ ಹೋಗಿ, ತಿರುಗಿ ಬರಲಿಲ್ಲ. ಆ ಹೊಲವನ್ನು ಅವರು ಕೈ ಎತ್ತಿ ತೋರಿಸಿದರು. ದೂರದಲ್ಲಿ ಕುಸುಬಿಯ ಹಳದಿ ಹೂವಿನ ಒಂದು ಪಟ್ಟಿ ಕಾಣಿಸಿತು.

ಆ ಅಜ್ಜನ ಹೆಸರನ್ನು ಅವರು ಹೇಳಿದರು, ನಾವು ಬರೆದುಕೊಂಡೆವು. ಮನೆಯವರ ಒಪ್ಪಿಗೆಯಿಲ್ಲದೆ ಇಲ್ಲಿ ಅಚ್ಚು ಮಾಡಿಸುವುದು ಸರಿಯಲ್ಲವಾದ್ದರಿಂದ ಮಾಡಿಸಿಲ್ಲ. ಆದರೆ ವತನದಾರರ ಹೆಸರುಗಳನ್ನು ಸರಕಾರ ದಫ್ತರದಲ್ಲಿ ಬರೆದಿಡುತ್ತಿತ್ತು ಎಂಬುದನ್ನು ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಹೇಳಬೇಕೆನಿಸುತ್ತದೆ. ಯಾರಿಗೆ ಯಾವ ಹೊಲ, ಯಾವ ಚಾಕರಿಗೆ, ಯಾರ ನಂತರ ಯಾರು ಎಂದು. ಎಲಿಯಟ್ ಮತ್ತು ಫ್ಲೀಟ್ ಯಾವ ಊರಿನ ಶಾಸನ ನೋಡಿದರೆಂಬುದು ನಮಗೆ ಗೊತ್ತಿದೆ. ಆ ಊರುಗಳ ವಾಲಿಕಾರರು ಯಾರಿದ್ದರೆಂಬುದನ್ನು ಉಳಿದಿರುವ ಹಳೆಯ ರುಮಾಲುಗಳಲ್ಲಿ ಹುಡುಕುವ ಕೆಲಸ ಯಾರಾದರೂ ಮಾಡಿದರೆ, ಒಂದೆರಡು ಊರಿಗಾದರೂ ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇಡಬಹುದು. ಎಲಿಯಟ್ ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡು, ದಕ್ಷಿಣ ಭಾರತದ ನಾಣ್ಯಗಳ ಕುರಿತ ತಮ್ಮ ಪುಸ್ತಕವನ್ನು ಬೇರೆಯವರ ಕಣ್ಣು, ಕೈಗಳ ನೆರವಿನಿಂದ ಮುಗಿಸಿ 1887ರಲ್ಲಿ ತೀರಿಕೊಂಡರು. ಕಾಣದ ದಾರಿಯಲ್ಲಿ ಇನ್ನೊಬ್ಬರನ್ನು ಹಿಡಿದು ನಡೆಯುವುದು ಹೇಗಿರುತ್ತದೆಂದು ಆಗ ಅವರಿಗೂ ತಿಳಿದಿರಬೇಕು.

ಹೊರಡುವಾಗ ಹಿರಿಯರು ಬಸ್ ನಿಲ್ದಾಣದ ತನಕ ಬರುತ್ತೇನೆಂದು ಎದ್ದರು. ಬೇಡವೆಂದರೂ ಕೇಳಲಿಲ್ಲ. ಕೋಲೂರಿಕೊಂಡು ಮುಂದೆ ನಡೆಯತೊಡಗಿದರು. ನಾವು ಎರಡು ಹೆಜ್ಜೆ ಚುರುಕಾಗಿ ಹಾಕಿ ಅವರ ಪಕ್ಕಕ್ಕೆ ಬಂದೆವು. ರಸ್ತೆ ಇಕ್ಕಟ್ಟಾಗಿತ್ತು, ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಎದುರು ಬಂದಾಗ ಇಬ್ಬರೂ ಬದಿಗೆ ಸರಿದು ನಿಂತೆವು.

ಮನೆಗೆ ಬಂದು ಆ ಕೊಡತಿಯನ್ನು ಹುಡುಕಿದೆವು. ತಂಗಿಯ ಮಗ ಅದನ್ನು ಹಿತ್ತಿಲಿಗೆ ಒಯ್ದಿದ್ದ. ಬಕ್ರೀದಿಗೆಂದು ಸಾಕುತ್ತಿದ್ದ ಹೋತ ಗೂಟ ಕಿತ್ತುಕೊಂಡಿತ್ತಂತೆ. ನೆಲಕ್ಕೆ ನೀರು ಸುರಿದು, ಓರೆಯಾಗಿ ಬಡಿ ಎಂದು ಹೇಳಿಕೊಟ್ಟೆವು.